ಮಾಸ್ಕೋದಲ್ಲಿ ಅಚ್ಚಾದ ವಿಭಕ್ತಿ

"ನಿಮ್ಮ ಪೋಲಿಷ್ ಮಾಸ್ಕೋದಲ್ಲಿ ಅಚ್ಚಾದದ್ದು!"

ಕಳೆದ ಭಾನುವಾರ ವಾರ್ಸಾದ ಕೋವೊ ಹಳೇ ಸಾಮಾನಿನ ಸಂತೆಯಲ್ಲಿ ಅಜ್ಜನೊಬ್ಬರು ಹೀಗಂದು ಗಹಗಹಿಸಿ ನಕ್ಕರು. ನಾಲ್ಕು ದಿನವಾಯಿತು. ಟ್ರಾಮಿನಲ್ಲಿ, ಮೀಟಿಂಗಿನಲ್ಲಿ, ಹಲ್ಲುಜ್ಜುವಾಗಲೂ ಅದೇ ಮಾತು ಕಿವಿಯಲ್ಲಿ.

ನಾನು ಯುದ್ಧಕಾಲದ ನೋಟುಗಳ ಬೆನ್ನು ಬಿದ್ದು ಮೂರು ವರ್ಷ. ಆಫೀಸಿನ ಗೆಳೆಯನೊಬ್ಬ ಇದನ್ನೇ 'ಹೂಡಿಕೆ' ಅಂತ ಮಾಡುತ್ತಾನೆ, ಕೊಂಡ ನೋಟನ್ನು ಮತ್ತೆ ತೆಗೆದೂ ನೋಡುವುದಿಲ್ಲ. ನನಗೆ ಮಡಿಕೆ ಬಿದ್ದ, ಬೆವರು ಕುಡಿದ ನೋಟೇ ಇಷ್ಟ. ಮೊದಲು ಕೊಂಡದ್ದು 'ಗುರಾಲ್'. ಜರ್ಮನರು ದೇಶ ಹಿಡಿದ ಮೇಲೆ ಕ್ರಾಕೋವ್‌ನಲ್ಲಿ ಹೊಸ ಬ್ಯಾಂಕು ತೆರೆದು 1940ರಲ್ಲಿ ಹೊರತಂದ 500 ಝ್ಲೋಟಿಯ ನೋಟು. ಮೇಲೆ ಬೆಟ್ಟಸೀಮೆಯವನ ಚಿತ್ರ, ಅದಕ್ಕೇ ಆ ಅಡ್ಡಹೆಸರು. ಭೂಗತ ಸೇನೆಯ ಹುಡುಗರು 1943ರ ಆಗಸ್ಟ್ 12ರಂದು ಇದೇ ವಾರ್ಸಾದ ಸೆನಾತೋರ್ಸ್ಕಾ ಬೀದಿಯಲ್ಲಿ ಆ ಬ್ಯಾಂಕಿನ ಗಾಡಿಯನ್ನು ಅಡ್ಡಗಟ್ಟಿ 10 ಕೋಟಿ ಝ್ಲೋಟಿಗೂ ಮಿಕ್ಕಿ ಹೊತ್ತೊಯ್ದರು. ಆ ಕಾರ್ಯಾಚರಣೆಗೂ ಗುರಾಲ್ ಅಂತಲೇ ಹೆಸರು. ಆ ಬೀದಿಯಲ್ಲಿ ನಡೆಯುವಾಗಲೆಲ್ಲ ನನ್ನ ಕೈ ಸುಮ್ಮನೆ ಜೇಬಿಗೆ ಹೋಗುತ್ತದೆ.

ಇರಲಿ, ಅಜ್ಜನ ವಿಷಯಕ್ಕೆ ಬರುತ್ತೇನೆ. ಅವರ ಮೇಜಿನ ಮೇಲೆ 1944ರ ನೋಟೊಂದಿತ್ತು. ಅಂಥವನ್ನು 1974ರಲ್ಲಿ ನೆನಪಿಗೆಂದು ಹಳೆಯ ಅಚ್ಚುಗಳಿಂದಲೇ ಮತ್ತೆ ಮುದ್ರಿಸಿದ್ದಾರೆ, ಹುಷಾರಾಗಿರಬೇಕು. ಪಕ್ಕದ ಮೇಜಿನವನಂತೂ ಹಳೇ 100ರ ನೋಟಿನ ಮೇಲೆ ಯುದ್ಧಕಾಲದಲ್ಲಿ ಜರ್ಮನರು ಒತ್ತಿದಂಥ ಮುದ್ರೆಯನ್ನು ತಾನೇ ಒತ್ತಿ ಮಾರುವವನ ಹಾಗೆ ಕಾಣುತ್ತಿದ್ದ. (ಪಾಪ, ಅಲ್ಲದೆಯೂ ಇರಬಹುದು. ಆದರೆ ಅಂಥ ನಕಲಿ ಬೇಕಾದಷ್ಟಿವೆ.) ಅಜ್ಜನನ್ನು ಕೇಳಿದೆ: "ತೋ ಯೆಸ್ತ್ ಒರಿಗಿನಾಲ್ನಿಂ?" ಇದು ಅಸಲಿಯೇ, ಅಂತ.

ನನ್ನ ತಪ್ಪು ಇಷ್ಟೇ. ಪೋಲಿಷಿನಲ್ಲಿ 'ನಾನು ಎಂಜಿನಿಯರ್' ಅನ್ನಬೇಕಾದರೆ ತೃತೀಯಾ ವಿಭಕ್ತಿ ಹಚ್ಚಬೇಕು, 'ಎಂಜಿನಿಯರಿನಿಂದ ಇದ್ದೇನೆ' ಅಂದ ಹಾಗೆ. ಕಷ್ಟಪಟ್ಟು ಕಲಿತದ್ದಲ್ಲವೇ, ಎಲ್ಲ ಕಡೆಗೂ ಹಚ್ಚಿಬಿಡುತ್ತೇನೆ. ಒಂಟಿ ವಿಶೇಷಣಕ್ಕೆ ಹಚ್ಚಬಾರದಂತೆ. 'ಒರಿಗಿನಾಲ್ನೆ' ಅನ್ನಬೇಕಿತ್ತು.

ಅಜ್ಜ ನಕ್ಕರು. ನೋಟನ್ನು ನನ್ನ ಮೂಗಿನ ಹತ್ತಿರ ಹಿಡಿದು ಒಂದು ಪದದ ಮೇಲೆ ಬೆರಳಿಟ್ಟರು. ಇದನ್ನು ಸ್ವೀಕರಿಸುವುದು ಕಡ್ಡಾಯ ಅನ್ನುವ ಸಾಲು. ಆ 'ಕಡ್ಡಾಯ'ದ ಕೊನೆಯಲ್ಲಿ ನನ್ನದೇ 'ಇಂ'! 'ಒಬೋವಿಯೊನ್ಸ್ಕೋವಿಂ.' ಆಗಲೇ ಆ ಮಾತು ಬಂದದ್ದು, "ನಿಮ್ಮ ಪೋಲಿಷ್..."

ಆ ನೋಟು ಅಚ್ಚಾದದ್ದು ನಿಜಕ್ಕೂ ಮಾಸ್ಕೋದಲ್ಲಿ. ಸೋವಿಯತ್ ಸೇನೆಯ ಜೊತೆ ಬಂದು ಲುಬ್ಲಿನ್ ಊರಲ್ಲಿ ಕೂತ ಹೊಸ ಆಡಳಿತಕ್ಕೆ ಹಣ ಬೇಕಿತ್ತು, ರಷ್ಯನ್ ಮುದ್ರಣಾಲಯ ರಷ್ಯನ್ ವ್ಯಾಕರಣದಲ್ಲಿ ಪೋಲಿಷ್ ಹಣ ಹೊಡೆದುಕೊಟ್ಟಿತು. ನೋಟಿನ ಮೇಲೆ ಪೋಲೆಂಡಿನ ರಾಷ್ಟ್ರೀಯ ಬ್ಯಾಂಕು ಅಂತಿದೆ. ಆ ಬ್ಯಾಂಕು ಸ್ಥಾಪನೆಯಾದದ್ದು 1945ರ ಜನವರಿ 15ಕ್ಕೆ. ಕೂಸು ಹುಟ್ಟುವ ಮೊದಲೇ ಕುಲಾವಿ! ಅದೇ ಜನವರಿಯಲ್ಲಿ ಜರ್ಮನ್ ಕಾಲದ ನೋಟುಗಳನ್ನು ರದ್ದುಮಾಡಿ, ತಲೆಗೆ 500 ಝ್ಲೋಟಿ ಮಾತ್ರ ಬದಲಿಸಿಕೊಡುತ್ತೇವೆ ಅಂದರು. ಅಂದರೆ ಒಬ್ಬರಿಗೆ ಒಂದು ಗುರಾಲ್. ದಿಂಬಿನೊಳಗೆ ಕಟ್ಟು ಕಟ್ಟಿಟ್ಟವರು ಏನು ಮಾಡಿದರೋ.

ಆಮೇಲಿನ ಮುದ್ರಣದಲ್ಲಿ ವಿಭಕ್ತಿಯನ್ನು ತಿದ್ದಿದರು. ಆದರೆ ಆ ಮೊದಲ 'ಇಂ' ಓದಿದ ದಿನವೇ ಲುಬ್ಲಿನ್ನಿನ ರೊಟ್ಟಿಯಂಗಡಿಯವಳಿಗೂ ಗೊತ್ತಾಗಿರಬೇಕಲ್ಲವೇ, ಮುಂದೆ ಮನೆ ಯಜಮಾನಿಕೆ ಯಾರದ್ದು ಅಂತ. ಊರಲ್ಲಿ ಎಟಿಎಮ್ಮಿನ ಪರದೆ 'ನಿಮ್ಮ ಕಾರ್ಡ್ ಸೇರಿಸು ದಯವಿಟ್ಟು' ಅಂದಾಗ ನನಗೂ ಹೊಟ್ಟೆಯಲ್ಲಿ ಹೀಗೇ ಏನೋ ಆಗುತ್ತಿತ್ತು. ಅರ್ಥ ಆಗುತ್ತದೆ, ಹಣವೂ ಬರುತ್ತದೆ. ಬರೆದವರು ನಮ್ಮವರಲ್ಲ, ನಮ್ಮವರೊಬ್ಬರನ್ನು ಕೇಳಲೂ ಇಲ್ಲ, ಅಷ್ಟೇ.

ಅಜ್ಜನ ಹತ್ತಿರ ತಿದ್ದಿದ ನೋಟೂ ಇತ್ತು, ಅದೇ ಬೆಲೆಗೆ. ನಾನು ತಪ್ಪಿದ್ದನ್ನೇ ಆರಿಸಿಕೊಂಡೆ. ಚಿಲ್ಲರೆ ಎಣಿಸಿ ಕೊಡುತ್ತಾ, "ಇನ್ನೊಂದನ್ನು ಎತ್ತಿಟ್ಟಿರುತ್ತೇನೆ, ಕಲಿತ ಮೇಲೆ ಬನ್ನಿ" ಅಂದರು. ತಮಾಷೆಗೆ ಅಂದದ್ದೇ. ಆದರೂ ಚುಚ್ಚಿತು. ಹನ್ನೊಂದು ವರ್ಷ ಈ ಊರಿನ ಚಳಿ ತಿಂದಿದ್ದೇನೆ.

ಮನೆಗೆ ಬಂದು ನೋಟನ್ನು ಮಗಳ ಮುಂದಿಟ್ಟೆ, ಏನೂ ಹೇಳದೆ. ಇಲ್ಲೇ ಹುಟ್ಟಿದವಳು, ಇಲ್ಲಿಯ ಶಾಲೆಯಲ್ಲೇ ನಾಲ್ಕನೇ ಕ್ಲಾಸು. ಒಂದು ಕ್ಷಣ ನೋಡಿ ಅದೇ ಪದದ ಮೇಲೆ ಬೆರಳಿಟ್ಟಳು, ಥೇಟ್ ಅಜ್ಜನ ಹಾಗೆ.

"ಅಪ್ಪಾ, ನೋಟಿಗೆ ತಪ್ಪು ಬರೆದಿದೆ" ಅಂದಳು.

'ನೋಟಿನಲ್ಲಿ' ಅಂತ ತಿದ್ದಲು ಬಾಯಿ ತೆರೆದೆ. ಹೌದು ಪುಟ್ಟಾ, ಅಂದೆ.