ಆಲೂಗಡ್ಡೆ ಸಾಲಿನ ನಡುವೆ ಮೆಕ್ಕೆಜೋಳ: ಅಂತರಕ್ಕಿಂತ ದಿನದ ಲೆಕ್ಕ ಮುಖ್ಯ

ಎರಡನ್ನೂ ಒಂದೇ ದಿನ ಬಿತ್ತಿದ ಹೊಲದಲ್ಲಿ 60ನೇ ದಿನ ಒಂದು ಆಲೂ ಗಿಡ ಕಿತ್ತು ನೋಡಿ. ಕಾಂಡ ಸಣಕಲಾಗಿ ಉದ್ದಕ್ಕೆ ಬೆಳೆದಿರುತ್ತದೆ, ಬುಡದಲ್ಲಿ ಗಡ್ಡೆ ಸಣ್ಣಸಣ್ಣವೇ. ಗಡ್ಡೆ ದಪ್ಪವಾಗುವ ಹೊತ್ತಿಗೇ ಮೆಕ್ಕೆಜೋಳ ಮೇಲೆದ್ದು ಬಿಸಿಲು ತಡೆದಿರುತ್ತದೆ. ಗೊಬ್ಬರ ಸಾಲಲಿಲ್ಲ ಎಂದು ಯೂರಿಯಾ ಸುರಿದರೆ ಸೊಪ್ಪು ಹೆಚ್ಚುತ್ತದೆ, ಗಡ್ಡೆಯಲ್ಲ.

ಆದ್ದರಿಂದ ಮೊದಲು ಆಲೂಗಡ್ಡೆ, ಅದಕ್ಕೆ ಮಣ್ಣು ಏರಿಸಿದ ಮೇಲೆ ಮೆಕ್ಕೆಜೋಳ. ಆಲೂ ತಳಿ 80–90 ದಿನದ್ದು, ಮೆಕ್ಕೆಜೋಳ 110–120 ದಿನದ್ದು ಇರಲಿ.

ಎರಡು ಆಲೂ ಬೋದುಗಳ (ಏರಿಸಿದ ಮಣ್ಣಿನ ಸಾಲುಗಳ) ನಡುವೆ 60 ಸೆಂ.ಮೀ., ಈ ಜೋಡಿಗೂ ಮುಂದಿನ ಜೋಡಿಗೂ ನಡುವೆ 90 ಸೆಂ.ಮೀ. ಮೊಳಕೆ ಬಂದ, 40–50 ಗ್ರಾಂ ತೂಕದ ಗಡ್ಡೆಯನ್ನು 20 ಸೆಂ.ಮೀ.ಗೊಂದರಂತೆ ಊರಬೇಕು. ಎಕರೆಗೆ ಸುಮಾರು 27 ಸಾವಿರ ಗಡ್ಡೆ, ಅಂದರೆ 11–13 ಕ್ವಿಂಟಾಲ್. 60x20 ಸೆಂ.ಮೀ. ಅಂತರದಲ್ಲಿ ಆಲೂ ಒಂದನ್ನೇ ಹಾಕಿದಾಗಿನ ಸಂಖ್ಯೆಯಲ್ಲಿ ಇದು ಶೇ. 80. 25–30ನೇ ದಿನ ಕಳೆ ತೆಗೆದು ಮಣ್ಣು ಏರಿಸುವಾಗ 90 ಸೆಂ.ಮೀ. ಜಾಗದ ನಡುಮಧ್ಯದ ಮಣ್ಣನ್ನು ಬಾಚಬೇಡಿ, ಸಣ್ಣ ದಿಂಡು ಉಳಿಯಲಿ. ಅದರ ಮೇಲೆ 20 ಸೆಂ.ಮೀ.ಗೊಂದು ಮೆಕ್ಕೆಜೋಳದ ಬೀಜ, 4–5 ಸೆಂ.ಮೀ. ಆಳಕ್ಕೆ. ದಿಂಡು ಬಿಡದೆ ಕಾಲುವೆಯ ತಳದಲ್ಲೇ ಬಿತ್ತಿದರೆ ಮೊದಲ ನೀರಿಗೇ ಬೀಜ ಕೊಳೆಯುತ್ತದೆ.

ಕಳೆನಾಶಕದ ವಿಷಯದಲ್ಲಿ ಅಭ್ಯಾಸಬಲ ಕೈಕೊಡುತ್ತದೆ. ಮೆಕ್ಕೆಜೋಳ ಎಂದ ತಕ್ಷಣ ಅಟ್ರಾಜಿನ್ ನೆನಪಾಗುತ್ತದೆ, ಅದು ಆಲೂ ಎಲೆಯನ್ನು ಅಂಚಿನಿಂದ ಹಳದಿ ಮಾಡಿ ಸುಡುತ್ತದೆ. ಆಲೂಗೆ ಬಳಸುವ ಮೆಟ್ರಿಬುಜಿನ್ ಮೆಕ್ಕೆಜೋಳಕ್ಕೆ ಆಗದು. 2,4-ಡಿ ಅಂತೂ ಪಕ್ಕದ ಹೊಲದಿಂದ ಗಾಳಿಗೆ ತೂರಿ ಬಂದರೂ ಆಲೂಗೆ ಹಾನಿ. ನಮ್ಮ ಮಟ್ಟಿಗೆ ಕುಡುಗೋಲೇ ಸುರಕ್ಷಿತ.

ದ್ವಿದಳ ಧಾನ್ಯದ ಜೊತೆಯಂತಲ್ಲ ಇದು, ಎರಡೂ ಸಾರಜನಕಕ್ಕೆ ಬಾಯ್ತೆರೆಯುವ ಬೆಳೆಗಳು. ಆಲೂ ಪಾಲನ್ನು ನಾಟಿಗೆ ಅರ್ಧ, ಮಣ್ಣು ಏರಿಸುವಾಗ ಅರ್ಧ ಕೊಟ್ಟು ಮುಗಿಸಿ. ಮೆಕ್ಕೆಜೋಳ ಮೊಣಕಾಲುದ್ದ ಬಂದಾಗಿನ ಮೇಲುಗೊಬ್ಬರವನ್ನು ಎರಚಬಾರದು. ಬುಡದಿಂದ ನಾಲ್ಕು ಬೆರಳು ದೂರ ಗೀರು ಹಾಕಿ ಮುಚ್ಚಬೇಕು. ಎರಚಿದರೆ ಆಲೂ ಸೊಪ್ಪು ಹಸಿರಾಗಿಯೇ ನಿಂತು ಗಡ್ಡೆಯ ಸಿಪ್ಪೆ ಗಟ್ಟಿಯಾಗುವುದಿಲ್ಲ.

ನಿಜವಾದ ತೊಡಕು ನೀರಿನದು. ಅಗೆಯುವ ಮುಂಚೆ ಸುಮಾರು 10 ದಿನ ಆಲೂಗೆ ನೀರು ಕೊಡುವುದನ್ನು ನಿಲ್ಲಿಸಬೇಕು. ಮೆಕ್ಕೆಜೋಳಕ್ಕೋ, ಸೂಲಂಗಿ (ಗಿಡದ ತುದಿಯ ಗಂಡು ಹೂ) ಒಡೆದು ತೆನೆಗೆ ಕೂದಲು ಬರುವಾಗ ನೀರು ತಪ್ಪಲೇಬಾರದು. 30ನೇ ದಿನ ಬಿತ್ತಿದ ಮೆಕ್ಕೆಜೋಳ ಈ ಹಂತಕ್ಕೆ ಬರುವುದು ಆಲೂವಿನ 85–90ನೇ ದಿನಕ್ಕೆ. ಹಾಗಾಗಿ 75ನೇ ದಿನ ಚೆನ್ನಾಗಿ ನೀರು ಹಾಯಿಸಿ ನಿಲ್ಲಿಸಿ, ಸೊಪ್ಪು ಕೊಯ್ಯಿರಿ, 85ಕ್ಕೆ ಅಗೆದು ಮತ್ತೆ ನೀರು ಬಿಡಿ. 110 ದಿನದ ಆಲೂ ತಳಿ ಹಾಕಿದರೆ ನೀರು ನಿಲ್ಲಿಸಿ ಕಾಯಿಸುವ ದಿನಗಳು ತೆನೆ ಕಾಳು ಕಟ್ಟುವ ಹೊತ್ತಿಗೇ ಬಂದು ತುದಿ ಬೋಳಾದ ತೆನೆ ಸಿಗುತ್ತದೆ. ಮರಳು ಮಣ್ಣಿನಲ್ಲಿ 10 ದಿನ ಕಾಯಿಸಿದರೆ ಮೆಕ್ಕೆಜೋಳದ ಎಲೆ ಮಧ್ಯಾಹ್ನಕ್ಕೇ ಸುರುಳಿ ಸುತ್ತುತ್ತದೆ. ಅಲ್ಲಿ 5–6 ದಿನ ಸಾಕು.

ಆಲೂವಿನ ಅಂಗಮಾರಿ ರೋಗಕ್ಕೆ ಮೋಡ, ತೇವದ ದಿನಗಳಲ್ಲಿ ಮುಂಚೆಯೇ ಶಿಲೀಂಧ್ರನಾಶಕ ಮ್ಯಾಂಕೋಜೆಬ್, ಲೀಟರ್ ನೀರಿಗೆ 2 ಗ್ರಾಂ. ಸಾಲುಗಳು ಗಾಳಿ ಬೀಸುವ ದಿಕ್ಕಿಗಿದ್ದರೆ ಎಲೆ ಬೇಗ ಆರುತ್ತದೆ. ಸೈನಿಕ ಹುಳುವಿಗೆ ಮೆಕ್ಕೆಜೋಳದ ಸುಳಿಗೆ ಮಾತ್ರ ಔಷಧಿ ಬೀಳಲಿ. ಆಲೂ ಅಗೆಯುವ ದಿನ ಹತ್ತಿರವಿರುವುದರಿಂದ ಡಬ್ಬಿಯ ಮೇಲಿನ ಕಾಯುವ ಅವಧಿ ಓದಿಕೊಳ್ಳಿ.

ಅಗೆಯುವ ಮುನ್ನ ಗಡ್ಡೆಯನ್ನು ಹೆಬ್ಬೆರಳಿನಿಂದ ಒತ್ತಿ ಉಜ್ಜಿ. ಸಿಪ್ಪೆ ಜಾರಿದರೆ ಇನ್ನೂ ನಾಲ್ಕು ದಿನ. ನೇಗಿಲು ಬೇಡ, ಮೆಕ್ಕೆಜೋಳದ ಬುಡದಿಂದ ಒಂದು ಗೇಣು ಬಿಟ್ಟು ಕೈಯಲ್ಲೇ ಅಗೆಯಿರಿ. ಸಡಿಲವಾದ ಮಣ್ಣನ್ನು ಅದೇ ದಿನ ಮೆಕ್ಕೆಜೋಳದ ಬುಡಕ್ಕೆ ಎಳೆದು ಮೆಟ್ಟಿ, ಆಮೇಲೆ ನೀರು. ಮೊದಲೇ ನೀರು ಬಿಟ್ಟರೆ ಸಂಜೆಯ ಗಾಳಿಗೆ ಸಾಲಿಗೆ ಸಾಲೇ ಮಲಗುತ್ತದೆ.