ಮಧುಗಿರಿಯ ಬಂಡೆ, ಚಂಗಾಬಾಂಗಿನ ಗೋಡೆ

ಮಧುಗಿರಿಯ ಏಕಶಿಲಾ ಬೆಟ್ಟದಲ್ಲಿ, ಕೋಟೆಯ ಬಾಗಿಲುಗಳನ್ನು ದಾಟಿ ಮೇಲೇರುತ್ತ ಹೋದಂತೆ, ಬಂಡೆಯಲ್ಲಿ ಕಡಿದ ಪಾದದಗಲದ ಕಚ್ಚುಗಳೂ ಕಬ್ಬಿಣದ ಕಂಬಿಯೂ ಬಿಟ್ಟರೆ ಬೇರೆ ಆಸರೆಯಿಲ್ಲದ ಜಾಗವೊಂದಿದೆ. ಅಲ್ಲಿ ಕಂಬಿ ಹಿಡಿದು ಉಸಿರು ಸುಧಾರಿಸಿಕೊಳ್ಳುತ್ತಿದ್ದಾಗ ನನ್ನ ಸೋದರಮಾವ, "ಅಲ್ಲಪ್ಪಾ, ನೀನು ಯಾವಾಗಲೂ ಹೇಳ್ತೀಯಲ್ಲ ಆ ಹಿಮಾಲಯದ ಬೆಟ್ಟ, ಅದು ಎವರೆಸ್ಟ್‌ಗಿಂತ ದೊಡ್ಡದಾ?" ಎಂದು ಕೇಳಿದರು.

ದೊಡ್ಡದಲ್ಲ. ಉತ್ತರಾಖಂಡದ ಗಢವಾಲದಲ್ಲಿರುವ ಚಂಗಾಬಾಂಗ್ 6,864 ಮೀಟರು. ಎವರೆಸ್ಟಿಗಿಂತ ಸುಮಾರು ಎರಡು ಸಾವಿರ ಮೀಟರು ಕಡಿಮೆ. ಆದರೂ ನುರಿತ ಆರೋಹಿಗಳನ್ನು ಅದು ಕಾಡುತ್ತದೆ. ಎವರೆಸ್ಟಿನ ರೂಢಿಯ ದಾರಿಯಲ್ಲಿ ಪ್ರತಿ ವರ್ಷವೂ ಮೊದಲೇ ಹಗ್ಗ ಕಟ್ಟಿಟ್ಟಿರುತ್ತಾರೆ. ಚಂಗಾಬಾಂಗಿನಲ್ಲಿ ಹಿಡಿಯಲು ಯಾರೂ ಕಂಬಿ ನೆಟ್ಟಿಲ್ಲ. ನಮ್ಮ ಬೆಟ್ಟದಂತೆ ಅದೂ ಗ್ರಾನೈಟೇ, ಆದರೆ ಹಿಮ ನಿಲ್ಲದಷ್ಟು ಕಡಿದಾದದ್ದು.

1974ರಲ್ಲಿ ಕ್ರಿಸ್ ಬಾನಿಂಗ್ಟನ್ ಮತ್ತು ಬಲವಂತ ಸಂಧು ಅವರಿದ್ದ ಭಾರತ–ಬ್ರಿಟನ್ ಜಂಟಿ ತಂಡವು ಅದನ್ನು ಮೊದಲು ಏರಿತು. ನನ್ನ ಮಟ್ಟಿಗೆ ಅದಕ್ಕಿಂತ ಹೆಚ್ಚಿನದು, ಪೀಟರ್ ಬೋರ್ಡ್‌ಮನ್ ಮತ್ತು ಜೋ ಟಾಸ್ಕರ್ ಇಬ್ಬರೇ 1976ರಲ್ಲಿ ಪಶ್ಚಿಮದ ಗೋಡೆಯನ್ನು ಹತ್ತಿದ್ದು. ಒರಗಲು ಜಾಗವಿಲ್ಲದ ಆ ಗೋಡೆಯ ಮೇಲೆ ತೂಗುಹಾಸಿಗೆಯಲ್ಲಿ ಮಲಗಬೇಕಾಗಬಹುದೆಂದು, ಹೊರಡುವ ಮುನ್ನ ಅವರು ಊರಿನ ಶೀತಲಗೃಹವೊಂದರಲ್ಲಿ ಅದನ್ನು ಕಟ್ಟಿ ಮಲಗಿ ನೋಡಿದ್ದರು. ತುಮಕೂರಿನ ಹುಣಸೆಹಣ್ಣಿನ ಕೋಲ್ಡ್ ಸ್ಟೋರೇಜಿಗೆ ಒಮ್ಮೆ ಹೊಕ್ಕು ಐದೇ ನಿಮಿಷಕ್ಕೆ ಹೊರಗೋಡಿ ಬಂದ ನನಗೆ, ಶಿಖರ ಮುಟ್ಟಿದ್ದಕ್ಕಿಂತ ಈ ಸಂಗತಿಯೇ ಹೆಚ್ಚು ಅರ್ಥವಾಗುತ್ತದೆ.

1980ರ ದಶಕದಲ್ಲಿ ನಂದಾದೇವಿ ಅಭಯಾರಣ್ಯದ ಒಳಭಾಗವನ್ನು ಮುಚ್ಚಿದ ಮೇಲೆ ಚಂಗಾಬಾಂಗಿನ ದಾರಿ ಇನ್ನಷ್ಟು ದುರ್ಗಮವಾಯಿತು. 1997ರಲ್ಲಿ ಬಾಗಿನಿ ಹಿಮನದಿಯ ಕಡೆಯಿಂದ ಉತ್ತರದ ಗೋಡೆಯನ್ನು ಹತ್ತಿದವರಲ್ಲಿ ಬ್ರೆಂಡನ್ ಮರ್ಫಿ ಇಳಿಯುವಾಗ ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡರು. ಹತ್ತುವಾಗ ಕಣ್ಣು ಬಂಡೆಯ ಮೇಲಿರುತ್ತದೆ, ಇಳಿಯುವಾಗ ಪಾತಾಳದ ಮೇಲೆ. ಈ ವ್ಯತ್ಯಾಸ ತಿಳಿದವರೇ ಅಂಥ ಬೆಟ್ಟವನ್ನು ಆರಿಸಿಕೊಳ್ಳುವುದು ನನಗೆ ಇಂದಿಗೂ ಸೋಜಿಗವೇ.

ಇಷ್ಟನ್ನೂ ಮಾವನಿಗೆ ಹೇಳಿ ಮುಗಿಸುವಷ್ಟರಲ್ಲಿ ಬಿಸಿಲೇರಿ ಕಂಬಿ ಕಾಯತೊಡಗಿತ್ತು. ಅವರು ಚಪ್ಪಲಿ ಕಳಚಿ ಕಂಕುಳಲ್ಲಿರಿಸಿ, ಬಂಡೆಗೆ ಮುಖ ಮಾಡಿ, ಹೆಬ್ಬೆರಳಿನಿಂದ ಒಂದೊಂದೇ ಕಚ್ಚನ್ನು ತಡಕುತ್ತ ಇಳಿಯತೊಡಗಿದರು.