ಮರದ ದಿಮ್ಮಿಯ ಮೇಲಿನ ಲೆಕ್ಕ

ಇಂದು ಸಂಜೆ ದಾವಣಗೆರೆಯ ವಿದ್ಯಾನಗರದಲ್ಲಿ ಅಕ್ಕನ ಮಗಳಿಗೆ ಆವರ್ತ ಕೋಷ್ಟಕದ ಚಾರ್ಟ್ ಕೊಳ್ಳುವಾಗ, 109ನೆಯ ಚೌಕದ ಮೇಲೆ ಬೆರಳಿಟ್ಟು "ಮಾಮಾ, ಮೈಟ್ನೇರಿಯಂ ಅಂದರೆ ಯಾರ ಹೆಸರು?" ಎಂದು ಅವಳು ಕೇಳಿದಳು.

ಲೀಸ ಮೈಟ್ನರ್ ಅವರದು. ಬರ್ಲಿನ್ನಿನಲ್ಲಿ ರಸಾಯನವಿಜ್ಞಾನಿ ಆಟೋ ಹಾನ್ ಜೊತೆ ಮೂವತ್ತು ವರ್ಷ ದುಡಿದ ಈ ಭೌತವಿಜ್ಞಾನಿ, ಯೆಹೂದಿ ಮೂಲದವರೆಂಬ ಕಾರಣಕ್ಕೆ 1938ರ ಜುಲೈನಲ್ಲಿ ನಾಜಿ ಜರ್ಮನಿಯಿಂದ ತಪ್ಪಿಸಿಕೊಂಡು ಸ್ವೀಡನ್ ಸೇರಬೇಕಾಯಿತು.

ಯುರೇನಿಯಂಗೆ ನ್ಯೂಟ್ರಾನ್ ಹೊಡೆದರೆ ಅದರ ಸುಮಾರು ಅರ್ಧದಷ್ಟು ಭಾರದ ಬೇರಿಯಂ ಸಿಗುತ್ತಿದೆ, ಇದು ಹೇಗೆ ಸಾಧ್ಯ ಎಂದು ಅದೇ ಡಿಸೆಂಬರಿನಲ್ಲಿ ಹಾನ್ ಬರೆದ ಪತ್ರ ಸ್ವೀಡನ್ನಿಗೆ ಬಂದಾಗ, ಮೈಟ್ನರ್ ಮತ್ತು ಅವರ ಸೋದರಿಯ ಮಗ ಆಟೋ ಫ್ರಿಷ್ ಹಿಮದಲ್ಲಿ ಸುತ್ತಾಡುತ್ತಾ, ಒಂದು ಮರದ ದಿಮ್ಮಿಯ ಮೇಲೆ ಕುಳಿತು, ಕೈಗೆ ಸಿಕ್ಕ ಚೀಟಿಗಳಲ್ಲಿ ಲೆಕ್ಕ ಹಾಕತೊಡಗಿದರು. ದುಂಡಗಿನ ನೀರಹನಿಯಂಥ ಪರಮಾಣು ಬೀಜಕೇಂದ್ರ ನಡುವೆ ಕಿರಿದಾಗುತ್ತಾ ಹೋಗಿ ಎರಡಾಗಿ ಒಡೆದರೆ, ಚೂರುಗಳು ಸುಮಾರು 20 ಕೋಟಿ ಎಲೆಕ್ಟ್ರಾನ್ ವೋಲ್ಟ್ (ಪರಮಾಣು ಮಟ್ಟದ ಶಕ್ತಿಯ ಅಳತೆ) ಶಕ್ತಿಯಿಂದ ಸಿಡಿಯಬೇಕು. ಕಳೆದುಹೋಗುವ ದ್ರವ್ಯರಾಶಿಯೋ ಪ್ರೋಟಾನಿನ ಐದರಲ್ಲೊಂದು ಭಾಗ. ಐನ್‌ಸ್ಟೈನ್ E=mc² ಸಮೀಕರಣಕ್ಕೆ ಅದನ್ನು ಹಾಕಿದರೆ ಅಷ್ಟೇ ಶಕ್ತಿ ಬರುತ್ತದೆ! ಪ್ರಯೋಗಾಲಯವಿಲ್ಲ, ಉಪಕರಣವಿಲ್ಲ, ಲೆಕ್ಕ ಮಾತ್ರ ತಾಳೆಯಾಯಿತು.

ಬೀಜಕೇಂದ್ರ ಒಡೆಯುವ ಈ ಶೋಧಕ್ಕೆ 1944ರ ರಸಾಯನಶಾಸ್ತ್ರದ ನೊಬೆಲ್ ಹಾನ್ ಒಬ್ಬರಿಗೇ ಹೋಯಿತು. ಇದು ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು, ಅಣುಬಾಂಬ್ ಯೋಜನೆಗೆ ಕರೆ ಬಂದಾಗ ಬಾಂಬಿನ ಕೆಲಸಕ್ಕೆ ತಾನು ಬರುವುದಿಲ್ಲವೆಂದು ಮೈಟ್ನರ್ ಖಡಾಖಂಡಿತವಾಗಿ ಹೇಳಿದ್ದು.